ಅಟ್ಟದ ಮೇಲಿನ ಮುಖ

ನಾನು ಗಾಯ ಮಾಡಿ ಹೊಟ್ಟೆ ಹೊರೆದವನು. ಕೇಳಿದವರು ಬೆಚ್ಚಿಬೀಳುತ್ತಾರೆ, ಅದಕ್ಕೆ ಬೇಗ ಹೇಳಿಬಿಡುತ್ತೇನೆ: ಸಿನಿಮಾದಲ್ಲಿ. ಸುಟ್ಟ ಕೈ, ಸೀಳಿದ ಹಣೆ, ಮುದುಕರ ಸುಕ್ಕು, ಕೆರೆಯಲ್ಲಿ ತೇಲಿದ ಹೆಣದ ಊದಿದ ಮುಖ. ಹೀರೋಯಿನ್ನಿಗೆ ಪೌಡರ್ ಹಚ್ಚುವವರು ಬೇರೆ, ಅವರಿಗೆ ಹೆಸರು, ಹಾರ. ನಮ್ಮಂಥವರ ಕೆಲಸ ಚೆನ್ನಾಗಿ ಆದರೆ ಜನ ಮುಖ ತಿರುಗಿಸಿಕೊಳ್ಳುತ್ತಾರೆ, ಕೆಟ್ಟರೆ ನಗುತ್ತಾರೆ. ಎರಡರಲ್ಲೂ ಮರ್ಯಾದೆ ಇಲ್ಲ. ಅಷ್ಟೂ ವರ್ಷಗಳಲ್ಲಿ ನಿಜವಾದ ಗಾಯವನ್ನು ಮುಚ್ಚುವ ಕೆಲಸ ನನಗೆ ಬಂದದ್ದು ಒಂದೇ ಸಲ. ಅದು ನನ್ನ ಅಣ್ಣನ ಮುಖದ ಮೇಲಿನ ಗಾಯ. ಮಣ್ಣಿಗೆ ಹೋಗುವ ಮುಂಚೆ ಅವ್ವ ಅವನ ಮುಖ ನೋಡಬೇಕಾಗಿತ್ತು, ಆ ಮುಖ ನೋಡುವ ಹಾಗಿರಲಿಲ್ಲ.

ನಮ್ಮದು ದಬ್ಬೇಘಟ್ಟದ ಕಡೆಯ ಹಳ್ಳಿ. ತೆಂಗಿನ ತೋಟ, ನಾಲೆ ನೀರು ಬಂದ ವರ್ಷ ಒಂದಿಷ್ಟು ಭತ್ತ. ನಾನು ಚಿಕ್ಕವನಿದ್ದಾಗಲೇ ಅಪ್ಪ ಹೋದ. ತೋಟ ಅಣ್ಣನ ತಲೆಗೆ ಬಂತು, ತೋಟದ ಜೊತೆ ನಾನೂ ಅವನ ತಲೆಗೇ ಬಂದೆ. ಅವನಿಗೆ ಮರ ಕಂಡರೆ ಪ್ರಾಣ, ನನಗೆ ಮರದ ಬುಡಕ್ಕೆ ನೀರು ಕಟ್ಟು ಅಂದರೂ ಮೈಪರಚಿಕೊಳ್ಳುವಷ್ಟು ಬೇಜಾರು. ಊರಲ್ಲಿ ನಾಟಕ ಕಟ್ಟಿದಾಗ ಬಣ್ಣ ಹಚ್ಚುವುದಕ್ಕೆ ಹುಳಿಯಾರಿನಿಂದ ಒಬ್ಬ ಮೇಷ್ಟ್ರು ಬರುತ್ತಿದ್ದರು. ಕರಟ ಸುಟ್ಟ ಇದ್ದಿಲನ್ನು ಎಣ್ಣೆಯಲ್ಲಿ ಅರೆದು ರಾಕ್ಷಸನ ಹುಬ್ಬು ಬರೆಯುವರು, ತೆಂಗಿನ ನಾರನ್ನು ಹಿಂಜಿ ಋಷಿಗಳ ಗಡ್ಡ ಮಾಡುವರು. ನಮ್ಮ ತೋಟದ ಕಸವೇ ಅವರ ಕೈಯಲ್ಲಿ ಮುಖವಾಗುವುದನ್ನು ನೋಡಿ ನನಗೆ ಹುಚ್ಚು ಹಿಡಿಯಿತು. ಮೀಸೆ ಮೂಡುವ ಹೊತ್ತಿಗೆ ಮದರಾಸಿಗೆ ಓಡಿಹೋಗಲು ಬಟ್ಟೆ ಗಂಟು ಕಟ್ಟಿದ್ದೆ. ಅಣ್ಣ ಗಂಟು ಕಂಡು ನಕ್ಕ. "ಓಡಿ ಯಾಕ್ಲಾ ಹೋಗ್ತೀಯಾ? ಬಸ್ಸಲ್ಲಿ ಹೋಗು, ಕಾಲು ನೋಯ್ತದೆ" ಅಂದ. ತಿಪಟೂರಿನ ತನಕ ತಾನೇ ಬಂದು ರೈಲು ಹತ್ತಿಸಿದ.

ಆವತ್ತು ಹೊರಡುವಾಗ ಅವ್ವ ಬಾಗಿಲಲ್ಲಿ ನಿಲ್ಲಿಸಿಕೊಂಡು ಅಂಗೈಗೆ ಕೊಬ್ಬರಿ ಎಣ್ಣೆ ಹುಯ್ದುಕೊಂಡು ನನ್ನ ನೆತ್ತಿಗೆ ತಟ್ಟಿದಳು. ಅದು ಅವಳ ಚಾಳಿ. ಮನೆಯಿಂದ ಯಾರೇ ದೂರ ಹೊರಡಲಿ, ಎಣ್ಣೆ ಇಡದೆ ಬಿಡಳು. ನೆತ್ತಿಗೆ ತಟ್ಟಿದ ಕೈ ಕಿವಿಯ ಹಿಂದಕ್ಕೆ ಇಳಿದು, ಅಲ್ಲಿಂದ ಕೆನ್ನೆಗೆ ಬಂದು ಒಂದು ಸಲ ಸವರಿ ನಿಲ್ಲಬೇಕು. "ದಾರಿ ತಂಪಾಗಿರ್ಲಿ" ಅನ್ನಬೇಕು. ಹೆಣ್ಣು ಕೊಡಲು ಬಂದ ಬೀಗರಿಗೂ ತಟ್ಟಿ ಕಳಿಸಿದ್ದಳು ಪುಣ್ಯಾತ್ಗಿತ್ತಿ, ಆ ಯಜಮಾನರ ಹೊಸ ರುಮಾಲು ಎಣ್ಣೆಯಾಗಿ ಹೋಗಿತ್ತು. ಕೈಗೊಂದು ಬಾಟಲಿ ಎಣ್ಣೆಯನ್ನೂ ಕೊಟ್ಟಳು. ಆಮೇಲೆ ನಾನು ಊರಿಗೆ ಬಂದು ಹೋದಾಗಲೆಲ್ಲ ಆ ಬಾಟಲಿ ತುಂಬಿ ಬರುತ್ತಿತ್ತು.

ಮದರಾಸಿನಲ್ಲಿ ನನ್ನ ಗುರು ಒಬ್ಬ ಸಿಡುಕ. ಕೆಲಸ ಹೇಳಿಕೊಡುವುದಕ್ಕಿಂತ ಬೈಯುವುದೇ ಹೆಚ್ಚು. ಆದರೂ ಕಲಿತೆ. ಹತ್ತಿಯನ್ನು ಎಳೆಎಳೆಯಾಗಿ ಬಿಡಿಸಿ ಅಂಟಿನ ಮೇಲೆ ಕೂರಿಸಿ, ರಬ್ಬರ್ ಹಾಲು ಬಳಿದು, ಒಣಗಿದ ಮೇಲೆ ಅಲ್ಲಲ್ಲಿ ಕಿತ್ತರೆ ಸುಟ್ಟ ಚರ್ಮ. ಬೆಲ್ಲದ ಪಾಕಕ್ಕೆ ಕೆಂಪು ಬಣ್ಣ ಕಲಸಿದರೆ ರಕ್ತ. ಒಮ್ಮೆ ಹೊಲದಲ್ಲಿ ಹೆಣವಾಗಿ ಮಲಗಿದ್ದ ಪಾತ್ರಧಾರಿಗೆ ಧಾರಾಳವಾಗಿ ರಕ್ತ ಹುಯ್ದಿದ್ದೆ. ಬೆಲ್ಲಕ್ಕೆ ಇರುವೆ ಬಂದು ಮುತ್ತಿ, ಕ್ಯಾಮೆರಾ ಓಡುತ್ತಿರುವಾಗಲೇ ಹೆಣ ಎದ್ದು ಪಂಚೆ ಕೊಡವಿಕೊಂಡು ನನ್ನ ವಂಶವನ್ನೆಲ್ಲ ಬೈಯಿತು. ಇನ್ನು ಅವ್ವನ ಎಣ್ಣೆ. ಅದನ್ನು ನಾನು ತಲೆಗೆ ಹಚ್ಚಿದ್ದೇ ಇಲ್ಲ. ಸಂಜೆ ಶೂಟಿಂಗ್ ಮುಗಿದ ಮೇಲೆ ಬಣ್ಣ ತೆಗೆಯಲು ಅದರಂಥದ್ದು ಇನ್ನೊಂದಿರಲಿಲ್ಲ. ಎಂಥ ಘನವಾದ ಗಾಯವಿರಲಿ, ನಾಲ್ಕು ಸಲ ಸವರಿದರೆ ಸಡಿಲಿ ಕೈಗೆ ಬರುತ್ತಿತ್ತು. ಊರಿಗೆ ಹೋದಾಗ ಅವ್ವ "ಎಣ್ಣೆ ಹಚ್ಕತೀಯೇನೋ?" ಅಂತ ಕೇಳುವಳು. ನಾನು "ಹೂಂ ಕಣವ್ವ" ಅನ್ನುವೆ. ಹುಲ್ಲಿನ ಹಾಗೆ ಒಣಗಿದ ನನ್ನ ಕೂದಲು ನೋಡಿ ಅವಳು ಬಾಟಲಿಯನ್ನು ಮತ್ತೆ ತುಂಬಿಸಿ ಕೊಡುವಳು.

ನನ್ನ ಕೈಕೆಲಸವನ್ನು ಅವಳು ಪರದೆಯ ಮೇಲೆ ನೋಡಿದ್ದು ಒಂದೇ ಸಲ, ತುರುವೇಕೆರೆಯ ಟೆಂಟಿನಲ್ಲಿ. ಅಣ್ಣ, ಅತ್ತಿಗೆ, ಅವ್ವ ಮೂವರನ್ನೂ ಕರೆದುಕೊಂಡು ಹೋಗಿದ್ದೆ. ಬೆಂಕಿಯಲ್ಲಿ ಬೆಂದವನೊಬ್ಬ ಮುಸುಕು ತೆಗೆಯುವ ದೃಶ್ಯ. ಟೆಂಟಿಗೆ ಟೆಂಟೇ 'ಅಯ್ಯಯ್ಯೋ' ಅಂತು. ನನಗೆ ಒಳಗೊಳಗೇ ಖುಷಿ. ಅವ್ವ ಮಾತ್ರ ಸೆರಗು ಬಾಯಿಗಿಟ್ಟುಕೊಂಡು ಎದ್ದು ಹೊರಗೆ ಹೋಗಿಬಿಟ್ಟಳು. ಹಿಂದೆಯೇ ಹೋದೆ.

"ಅದನ್ನ ನೀನ್ ಮಾಡಿದ್ದಾ?"

"ಹೂಂ ಕಣವ್ವ. ಹೆಂಗೈತೆ?"

"ಅವನ್ಗೆ ನೋಯ್ತಿತ್ತಾ?"

"ಎಲ್ಲೀ ನೋವು! ಸುಳ್ಳು ಗಾಯ ಅದು. ಅದನ್ನ ಹಾಕ್ಕಂಡೇ ಬೋಂಡ ತಿಂದವ್ನೆ."

"ಥೂ, ನೋಯ್ದೇ ಇರೋ ಗಾಯ ಯಾಕೋ ತೋರಿಸ್ತೀರಿ ಜನಕ್ಕೆ? ನನಗೆ ಎಣ್ಣೆ ತಗಂಡೋಗಿ ಸವರಣ ಅನ್ನಂಗಾಯ್ತು."

ಅಷ್ಟರಲ್ಲಿ ಅಣ್ಣನೂ ಬೀಡಿ ಸೇದಲು ಹೊರಗೆ ಬಂದಿದ್ದ. "ನೀನ್ ಎಣ್ಣೆ ಸವರಿದ್ರೆ ಗಾಯನೇ ಇರಲ್ಲ ಕಣವ್ವ, ಬಣ್ಣ ಎಲ್ಲಾ ಎದ್ದೋಗ್ತದೆ. ನಿನ್ ಮಗ ನಿನ್ನೆಣ್ಣೇಲಿ ಮಾಡೋ ಕೆಲ್ಸನೇ ಅದು" ಅಂದುಬಿಟ್ಟ ಕಿಡಿಗೇಡಿ. ಅವ್ವ ಊರು ಮುಟ್ಟುವ ತನಕ ನನ್ನ ಜೊತೆ ಮಾತಾಡಲಿಲ್ಲ. ಮಾರನೆ ದಿನ ಬಾಟಲಿ ತುಂಬಿ ಕೊಟ್ಟಳು ಮಾತ್ರ.

ಅದೇ ಸಲವೋ ಅದರ ಮುಂದಿನ ಸಲವೋ, ಅಣ್ಣನ ಮುಖದ ಅಚ್ಚು ತೆಗೆದದ್ದು. ಬದುಕಿರುವವನ ಮುಖಕ್ಕೆ ಗಾರೆಯಂಥ ಪ್ಲಾಸ್ಟರ್ ಬಳಿದು, ಗಟ್ಟಿಯಾದ ಮೇಲೆ ಎಬ್ಬಿಸಿದರೆ ಒಳಗಡೆ ಮುಖದ ಗುರುತೆಲ್ಲ ಕೂತಿರುತ್ತದೆ. ಅದರಲ್ಲಿ ಮೇಣ ಒತ್ತಿದರೆ ಅದೇ ಮೂಗು, ಅದೇ ಕೆನ್ನೆ. ಆ ವಿದ್ಯೆಯನ್ನು ಗುರು ದೂರದಿಂದ ತೋರಿಸಿದ್ದ, ಮುಟ್ಟಲು ಬಿಟ್ಟಿರಲಿಲ್ಲ. ಮದರಾಸಿನಲ್ಲಿ ಮುಖ ಕೊಟ್ಟು ಮಲಗುವವರು ಯಾರು? ಅಣ್ಣನನ್ನು ಕೇಳಿದೆ.

"ನನ್ ಮುಖ ತಗಂಡ್ ಏನ್ಲಾ ಮಾಡ್ತೀಯಾ?"

"ಸಿನಿಮಾಕ್ಕೆ ಸೇರಿಸ್ತೀನಿ."

"ಹಂಗಾದ್ರೆ ಬುಡು, ನಾಳೆಯಿಂದ ತೋಟಕ್ಕೆ ನೀರು ಕಟ್ಟಕ್ಕೆ ಬೇರೆ ಯಾರ್ನಾದ್ರೂ ನೋಡ್ಕೋ" ಅಂದು ಹಿತ್ತಿಲ ಜಗಲಿಯ ಮೇಲೆ ಅಂಗಾತ ಮಲಗಿದ.

ಹುಬ್ಬಿಗೂ ಮೀಸೆಗೂ ಎಣ್ಣೆ ಮೆತ್ತಿದೆ. ಉಸಿರಾಡಲು ಮೂಗಿಗೆ ಎರಡು ಪರಂಗಿ ಎಲೆಯ ಟೊಳ್ಳು ದಂಟು ಇಟ್ಟೆ. ಪ್ಲಾಸ್ಟರ್ ಹುಯ್ಯುತ್ತಿದ್ದಂತೆ ಅವನಿಗೆ ನಗು ಬಂತು. ಎಡಗೆನ್ನೆ ಅದುರುತ್ತಿತ್ತು. "ನಗಬೇಡ್ವೋ, ಕೆಡ್ತದೆ" ಅಂತ ಬೈದೆ. ಅವನು ನಗುವನ್ನು ಕೆನ್ನೆಯಲ್ಲೇ ತುಂಬಿಕೊಂಡು ಬಿಗಿಹಿಡಿದ. ಪ್ಲಾಸ್ಟರ್ ಗಟ್ಟಿಯಾಗುತ್ತಿರುವಾಗ ಅವ್ವ ಒಳಗಿಂದ ಮೊರ ಹಿಡಿದುಕೊಂಡು ಬಂದಳು. ಜಗಲಿಯ ಮೇಲೆ ಕೈಕಾಲು ನೀಡಿಕೊಂಡು ಮಲಗಿದ ಮಗ, ಮುಖವೇ ಇಲ್ಲದ ಬಿಳೀ ಗಡ್ಡೆ. ಮೊರ ಬಿತ್ತು, ಅಕ್ಕಿ ಜಗಲಿ ತುಂಬ ಚೆಲ್ಲಿತು. ಅವಳು ಕಿರುಚಿದ ಕಿರುಚಿಗೆ ಅಕ್ಕಪಕ್ಕದವರು ಓಡಿಬಂದರು. ಮಾತಾಡಲಾರದೆ ಅಣ್ಣ ಮಲಗಿದಲ್ಲೇ ಕೈಯೆತ್ತಿ ಆಡಿಸಿದ. ಹೆಣ ಕೈ ಆಡಿಸಿತೆಂದು ಅವ್ವ ಇನ್ನೊಂದು ಸಲ ಕಿರುಚಿದಳು.

ಅಚ್ಚು ಎಬ್ಬಿಸುವಾಗ ಎಣ್ಣೆ ಸಾಲದೆ ಮೀಸೆಯ ನಾಲ್ಕಾರು ಕೂದಲು ಅದಕ್ಕೇ ಕಚ್ಚಿಕೊಂಡು ಬಂದವು. ಅಣ್ಣ ಕಣ್ಣಲ್ಲಿ ನೀರು ತುಂಬಿಕೊಂಡು ನಗುತ್ತಿದ್ದ. ಅವ್ವ ಪೊರಕೆ ತೆಗೆದುಕೊಂಡು ನನ್ನ ಕಡೆ ಬಂದಳು. "ಬದುಕಿರೋನ್ಗೆ ಹೆಣದ ಮುಖ ಮಾಡ್ತೀಯೇನೋ, ಮುಂಡೇದೇ! ಅದನ್ನ ತಿಪ್ಪೆಗೆ ಎಸಿ ಮೊದ್ಲು." ಅಣ್ಣ ಎಸೆಯಲು ಬಿಡಲಿಲ್ಲ. ನಮ್ಮ ಕಡೆ ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕಿ ವರ್ಷಗಟ್ಟಲೆ ಬಿಡುತ್ತೇವಲ್ಲ, ಒಳಗಿನ ನೀರು ಇಂಗಿ, ತಿರುಳು ಕರಟ ಬಿಟ್ಟು, ಅಲ್ಲಾಡಿಸಿದರೆ ಲೊಟಲೊಟ ಅನ್ನುವ ತನಕ. ಅವನು ಅವ್ವನ ಕಣ್ಣು ತಪ್ಪಿಸಿ ಅಚ್ಚನ್ನು ಆ ಕಾಯಿರಾಶಿಯ ಹಿಂದೆ ಇಟ್ಟ. "ಅಲ್ಲೇ ಇರ್ಲಿ ಬುಡ್ಲಾ. ಒಣಗಿ ಉಂಡೆ ಕೊಬ್ಬರಿ ಆಗ್ತದೆ, ತಿಪಟೂರು ಮಂಡಿಗೆ ಹಾಕಣ" ಅಂದ. ನಾನೂ ಅದನ್ನು ಮರೆತೆ. ಆಮೇಲೆ ಗುರುವಿನಿಂದ ಬೇರೆಯಾದೆ, ಕೆಲಸ ಮದರಾಸಿನಿಂದ ಬೆಂಗಳೂರು ಮೈಸೂರಿಗೆ ಬಂತು, ಗಾಯಗಳಿಗೆ ಬರವಿರಲಿಲ್ಲ.

ಅಣ್ಣ ಮರದಿಂದ ಬಿದ್ದು ಹೋದ ಸುದ್ದಿ ಬಂದಾಗ ನಾನು ಮೈಸೂರಿನ ಸ್ಟುಡಿಯೋದಲ್ಲಿದ್ದೆ. ಕಂಪನಿಯವರು ಕಾರು ಕೊಟ್ಟರು. ಕೈಯಲ್ಲಿದ್ದ ಬಣ್ಣದ ಪೆಟ್ಟಿಗೆಯನ್ನೂ ಇಳಿಸದೆ ಹಾಗೇ ಹೊರಟೆ. ಉಗುರಿನ ಸಂದಿಯಲ್ಲಿ ಬೆಲ್ಲದ ರಕ್ತ ಇನ್ನೂ ಇತ್ತು. ಊರು ಮುಟ್ಟಿದಾಗ ಬೆಳಕು ಹರಿದಿತ್ತು. ಅತ್ತಿಗೆ ಹಿತ್ತಿಲ ಬಾಗಿಲಿಗೇ ಬಂದು ನನ್ನನ್ನು ನಿಲ್ಲಿಸಿದಳು.

"ಅತ್ತೆಗೆ ಜ್ವರ. ಬಾಯಿ ಒಣಗ್ತದೆ, ಒಂದ್ ಎಳನೀರು ಇದ್ರೆ ಅಂದ್ರು. ಕಾಯಿ ಕೀಳೋರು ಬರಕ್ಕೆ ಇನ್ನೂ ದಿನ ಐತೆ ಅಂತ ಇವ್ರೇ ಹತ್ತಿದ್ರು. ಕೆಳಗೆ ನೀರಿನ ತೊಟ್ಟಿಯ ಕಲ್ಲು..." ಅಂದಳು. ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಆ ಮುಖ ಅತ್ತೆ ನೋಡಬಾರ್ದು. ನಾನು ನೋಡಿದೀನಿ, ಕಣ್ಮುಚ್ಚಿದ್ರೆ ಅದೇ ಬತ್ತದೆ. ತಾನು ಕೇಳಿದ ಎಳನೀರಿಗೆ ಹಿಂಗಾಯ್ತು ಅಂತ ಮೊದ್ಲೇ ಎದೆ ಬಡ್ಕತಾವ್ರೆ. ನೋಡಿದ್ರೆ ಉಳಿಯಲ್ಲ. ಸಿನಿಮಾದಲ್ಲಿ ಮಾಡ್ತೀರಲ್ಲ, ಏನಾರ ಮಾಡಿ" ಅಂದಳು.

ನಮ್ಮಲ್ಲಿ ಸತ್ತವರನ್ನು ಮಲಗಿಸಿ ಕಳಿಸುವುದಿಲ್ಲ. ಮೀಯಿಸಿ, ವಿಭೂತಿ ಹಚ್ಚಿ, ರುಮಾಲು ಸುತ್ತಿ, ಪಡಸಾಲೆಯ ಗೋಡೆಗೆ ಒರಗಿಸಿ ಚಕ್ಕಂಬಕ್ಕಳ ಹಾಕಿ ಕೂರಿಸುತ್ತೇವೆ. ಮಣ್ಣಿನಲ್ಲೂ ಕೂತೇ ಇರಬೇಕು. ಊರವರೆಲ್ಲ ಎದುರಿಗೆ ಬಂದು ಮುಖ ನೋಡಿ ಕೈಮುಗಿದು ಹೋಗುವುದು. ಹಾಗೆ ಕೂತವನ ಮುಖಕ್ಕೆ ಬಟ್ಟೆ ಮುಚ್ಚುವುದೆಂದರೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಆದರೂ ದೊಡ್ಡಪ್ಪ ಬಟ್ಟೆ ಮುಚ್ಚೋಣ ಅನ್ನುತ್ತಿದ್ದರು. ಒಳಕೋಣೆಯಿಂದ ಅವ್ವನ ದನಿ ಬರುತ್ತಲೇ ಇತ್ತು. "ನನ್ ಮಗನ್ ಮುಖ ತೋರಿಸ್ರೋ, ನಿಮ್ ದಮ್ಮಯ್ಯ." ಹೆಂಗಸರು ಅವಳನ್ನು ಹಿಡಿದು ಕೂರಿಸಿದ್ದರು.

ಹಿತ್ತಿಲ ಜಗಲಿಯಲ್ಲಿ ಅವನನ್ನು ಮಲಗಿಸಿದ್ದರು. ಅಚ್ಚು ತೆಗೆದ ಅದೇ ಜಗಲಿ. ನೋಡಿದೆ. ಎಡಗಡೆ ಕೆನ್ನೆ ಇರಲಿಲ್ಲ. ಇಷ್ಟು ವರ್ಷ ನಾನು ಮಾಡಿದ್ದ ಗಾಯ ಒಂದೂ ಹೀಗಿರಲಿಲ್ಲ ಅನ್ನಿಸಿತು. ನನ್ನ ಗಾಯಗಳಲ್ಲಿ ಒಂದು ಅಂದ ಇರುತ್ತಿತ್ತು, ಹಾಳಾದ್ದು, ಇದರಲ್ಲಿ ಏನೂ ಇರಲಿಲ್ಲ. ಗೋಡೆಗೆ ಮುಖ ಮಾಡಿ ಅತ್ತುಬಿಟ್ಟೆ. ಆಮೇಲೆ ನೆನಪಾಯಿತು, ಅಟ್ಟ.

ಏಣಿ ಇಟ್ಟು ಹತ್ತಿದೆ. ಕಾಯಿರಾಶಿ ಸರಿಸಿದಾಗ ಒಣಗಿದ ಕಾಯಿಗಳೆಲ್ಲ ಒಳಗೊಳಗೇ ಲೊಟಗುಟ್ಟಿದವು. ಅಚ್ಚು ಇತ್ತು, ಒಲೆಯ ಹೊಗೆ ಕುಡಿದು ಕಪ್ಪಾಗಿತ್ತು. ಬೆಳಕಿಗೆ ಹಿಡಿದು ನೋಡಿದರೆ ಮೀಸೆಯ ಜಾಗದಲ್ಲಿ ಅವನ ಕೂದಲು ಇನ್ನೂ ಹಾಗೇ ಕಚ್ಚಿಕೊಂಡಿತ್ತು. "ಅಯ್ಯೋ ಅಣ್ಣಾ" ಅಂದೆ. ಕಾಯಿಗಳ ನಡುವೆ ಕೂತುಕೊಂಡು ಅದನ್ನು ತೊಡೆಯ ಮೇಲೆ ಇಟ್ಟುಕೊಂಡೆ.

ಸೋಪಿನ ನೀರಲ್ಲಿ ಅಚ್ಚನ್ನು ನೆನೆಸಿ, ಪೆಟ್ಟಿಗೆಯಲ್ಲಿದ್ದ ಮೇಣವನ್ನು ಕಾಸಿ ಎಡಗಡೆಗೆ ಒತ್ತಿದೆ. ತಣಿದ ಮೇಲೆ ಎಬ್ಬಿಸಿದಾಗ ಹಳೇ ಪ್ಲಾಸ್ಟರ್ ಲಟ್ಟನೆ ಸೀಳಿತು. ಮೇಣ ಸರಿಯಾಗಿ ಬಂತು, ಮೀಸೆಯ ಕೂದಲಲ್ಲಿ ಎರಡು ಅದರ ಜೊತೆ ಬಂದವು. ಅಚ್ಚು ಎರಡು ಹೋಳು. ಕೆಟ್ಟರೆ ಇನ್ನೊಂದು ಸಲ ಮಾಡಲು ಅವನ ಮುಖ ಈಗ ಎಲ್ಲೂ ಇರಲಿಲ್ಲ. ಹತ್ತಿ ತುಂಬಿ, ಅಂಟು ಹಾಕಿ, ಮೇಣದ ಕೆನ್ನೆ ಕೂರಿಸಿ ಅಂಚು ತೀಡಿದೆ. ಬಣ್ಣ ಕೂರಲಿಲ್ಲ. ಹೆಣದ ಬಣ್ಣವನ್ನು ಬದುಕಿದವರಿಗೆ ಹಚ್ಚಿ ಗೊತ್ತು, ಬದುಕಿದವರ ಬಣ್ಣವನ್ನು ಹೆಣಕ್ಕೆ ಹಚ್ಚಿ ಗೊತ್ತಿರಲಿಲ್ಲ. ತಣ್ಣನೆ ಚರ್ಮದ ಮೇಲೆ ಎಲ್ಲವೂ ಸುಣ್ಣದ ಹಾಗೆ ನಿಲ್ಲುತ್ತಿತ್ತು. ಒರೆಸಿದೆ, ಮತ್ತೆ ಹಚ್ಚಿದೆ, ಮತ್ತೆ ಒರೆಸಿದೆ. ಕೊನೆಗೆ ಮೇಷ್ಟ್ರ ಕರಟದ ಇದ್ದಿಲನ್ನೇ ಒಂದಿಷ್ಟು ಬೆರೆಸಿದೆ, ಬಿಸಿಲಲ್ಲಿ ತಿರುಗಿದವನ ಬಣ್ಣ ಆಗ ಬಂತು. ಐನೋರು ವಿಭೂತಿ ಹಚ್ಚಿದರು. ಕೂರಿಸಿದರು. ದೊಡ್ಡಪ್ಪ ಎದುರಿಗೆ ನಿಂತು ನೋಡಿ, "ಎದ್ ಬತ್ತಾನೇನೋ ಅನ್ನಂಗವ್ನೆ ಕಣ್ಲಾ" ಅಂದು ಹೆಗಲ ವಸ್ತ್ರ ಕಣ್ಣಿಗೆ ಒತ್ತಿಕೊಂಡರು. ಅತ್ತಿಗೆ ನನ್ನ ಕೈ ಮುಟ್ಟಿದಳು. ಆಗಲೂ ನನಗೆ ಒಳಗೆ ಸ್ವಲ್ಪ ಹೆಮ್ಮೆಯಾಯಿತು, ಈ ಹಾಳು ಬುದ್ಧಿಗೆ ಏನು ಹೇಳಲಿ.

ಅವ್ವನನ್ನು ಕರೆತಂದರು. ಇಬ್ಬರ ತೋಳು ಹಿಡಿದುಕೊಂಡು ಬಂದವಳು ಅವನೆದುರು ಕುಸಿದು ಕೂತಳು. ಅಳುತ್ತಾಳೆ ಅಂದುಕೊಂಡಿದ್ದೆವು. ಅಳಲಿಲ್ಲ. ತಲೆ ಓರೆ ಮಾಡಿಕೊಂಡು ನೋಡಿದಳು. ನೋಡುತ್ತಲೇ ಇದ್ದಳು.

"ಯಾಕ್ಲಾ ನಗ್ತಾವ್ನೆ ಇವನು?"

ನಾನೂ ಬಗ್ಗಿ ನೋಡಿದೆ. ಜಗಲಿಯ ಮೇಲೆ ಅವತ್ತು ತುಂಬಿಕೊಂಡ ನಗು ಆ ಕೆನ್ನೆಯಲ್ಲಿ ಹಾಗೇ ಇತ್ತು. ಗುರುತು, ಅಂಚು, ಬಣ್ಣ ಎಲ್ಲ ನೋಡಿದ್ದೆ, ಅದೊಂದನ್ನು ನೋಡಿರಲಿಲ್ಲ.

"ಅಷ್ಟು ಎತ್ತರದಿಂದ ಬಿದ್ದೋನು ನಗ್ತಾನಾ?" ಅಂದಳು. ನನ್ನ ಕಡೆ ತಿರುಗಿ ನನ್ನ ಕೈ ನೋಡಿದಳು, ಉಗುರು ನೋಡಿದಳು. ಅತ್ತಿಗೆಗೆ ಹೇಳಿದಳು: "ಎಣ್ಣೆ ತಗಂಡ್ ಬಾರೇ. ನನ್ ಮಗ ದೂರ ಹೊಂಟವ್ನೆ."

ಅತ್ತಿಗೆ ನನ್ನ ಮುಖ ನೋಡಿದಳು. ಎಣ್ಣೆ ಬಿದ್ದರೆ ಏನಾಗುತ್ತದೆ ಅಂತ ನನಗೆ ಗೊತ್ತಿತ್ತು, ಬೇಡ ಅನ್ನಲು ಬಾಯಿ ತೆರೆದೆ. ಯಾವ ಬಾಯಲ್ಲಿ ಹೇಳಲಿ? ಅವಳು ಯಾರನ್ನೂ ಎಣ್ಣೆಯಿಲ್ಲದೆ ಕಳಿಸಿದವಳಲ್ಲ. ಚಾಳಿಗೆ ಕೇಳಿದಳೋ, ಟೆಂಟಿನ ಹೊರಗೆ ಅಣ್ಣ ಹೇಳಿದ ಮಾತು ನೆನಪಿಟ್ಟುಕೊಂಡು ಕೇಳಿದಳೋ, ಇವತ್ತಿಗೂ ನನಗೆ ಗೊತ್ತಿಲ್ಲ.

ರುಮಾಲು ಸರಿಸಿ ನೆತ್ತಿಗೆ ತಟ್ಟಿದಳು. ಕೈ ಕಿವಿಯ ಹಿಂದೆ ಇಳಿಯಿತು, ಕೆನ್ನೆಗೆ ಬಂತು. ಜ್ವರದ ಬಿಸಿ ಕೈ. ಒಂದು ಸಲ ಸವರಿದಳು, ಬಣ್ಣ ಕದಡಿತು. ಇನ್ನೊಂದು ಸಲ ಸವರಿದಳು, ಅಂಚು ಸಡಿಲಿತು. ಮತ್ತೊಂದು ಸಲಕ್ಕೆ ಕೆನ್ನೆ ಪೂರ್ತಿ ಜಾರಿ ಅವಳ ಅಂಗೈಗೆ ಬಂತು. ಹೆಂಗಸರು ಹೋ ಎಂದು ಮುಖ ಮುಚ್ಚಿಕೊಂಡರು. ದೊಡ್ಡಪ್ಪ "ಎಬ್ಬಿಸ್ರೋ ಅವಳನ್ನ" ಅಂದರು. ಅವ್ವ ಏಳಲಿಲ್ಲ. ಮೇಣವನ್ನು ಮಡಿಲಿಗೆ ಹಾಕಿಕೊಂಡು, ಒಳಗಿನ ಹತ್ತಿಯನ್ನು ಬೆರಳಲ್ಲಿ ಮೆಲ್ಲಗೆ ತೆಗೆದಳು. ಇನ್ನೊಂದಿಷ್ಟು ಎಣ್ಣೆ ಹುಯ್ದುಕೊಂಡಳು. ಮಕ್ಕಳಿಗೆ ಕುರು ಆದಾಗ ಸುತ್ತ ಸವರುತ್ತಾರಲ್ಲ, ಹಾಗೆ ಆ ಗಾಯದ ಸುತ್ತ ಸವರತೊಡಗಿದಳು.

"ಎಷ್ಟ್ ನೋಯ್ತೇನೋ ಮಗಾ... ಎಷ್ಟ್ ನೋಯ್ತೋ..." ಅಂದಳು. ಆಗ ಅಳು ಬಂತು ಅವಳಿಗೆ. ನಮಗೆಲ್ಲರಿಗೂ.

ಅವನನ್ನು ಹಾಗೇ, ತೆರೆದ ಮುಖದಲ್ಲೇ ಕೂರಿಸಿಕೊಂಡು ಹೋದೆವು. ಐನೋರು ಉಳಿದ ಕೆನ್ನೆಗೆ ಮತ್ತೆ ವಿಭೂತಿ ಹಚ್ಚಿದರು. ಊರಿನವರು ಯಾರೂ ಮುಖ ತಿರುಗಿಸಿಕೊಳ್ಳಲಿಲ್ಲ.

ಅವನನ್ನು ಹೊರಡಿಸುವ ಮುಂಚೆ ಅವ್ವ ನನ್ನನ್ನು ಹತ್ತಿರ ಕರೆದು ಮಡಿಲಿನಿಂದ ಆ ಮೇಣ ತೆಗೆದು ನನ್ನ ಕೈಗಿಟ್ಟಳು. ಅವಳ ಬಿಸಿಗೆ ಮೆತ್ತಗಾಗಿ ಕೆನ್ನೆಯ ಆಕಾರ ಹೋಗಿತ್ತು, ಎರಡು ಕೂದಲು ಮಾತ್ರ ಅಂಟಿಕೊಂಡಿದ್ದವು.

"ತಗೋ, ನಿನ್ ಸಾಮಾನು" ಅಂದಳು. ಸಿಟ್ಟಿರಲಿಲ್ಲ ದನಿಯಲ್ಲಿ. "ನೋವಾದ ಜಾಗ ನೀನು ಮುಚ್ಚಿಟ್ರೆ ನಾನು ಎಲ್ಲಿ ಸವರ್ಲಪ್ಪಾ?"